ಗೇಟಿನ ಈಚೆ ನಲವತ್ತೈದು ನಿಮಿಷ

"ಈಗ್ಲೇ ಒತ್ಬೇಡ ಕಣೇ."

ಕಾರ್ಡು ಹಿಡಿದ ಕೈ ಯಂತ್ರದ ಮುಂದೆ ಅರ್ಧದಲ್ಲೇ ನಿಲ್ಲುತ್ತದೆ. ಅದರ ಮಣಿಕಟ್ಟನ್ನು ಇನ್ನೊಂದು ಕೈ ಹಿಡಿದಿದೆ, ಬ್ಲೀಚಿಗೆ ಬೆರಳ ತುದಿ ಬೆಳ್ಳಗಾದ ಕೈ. ಬಸ್ಸು ತಿರುವಿನಲ್ಲಿ ವಾಲುತ್ತದೆ. ಬೆಳಗಿನ ನಾಲ್ಕೂ ಹದಿನೈದು.

"ಒತ್ತದಿದ್ರೆ ಡ್ರೈವರ್ ಇಳಿಸ್ತಾನೆ" ಎನ್ನುತ್ತಾಳೆ ಝುಸಾರಾ. ವಯಸ್ಸು ಇಪ್ಪತ್ತೆರಡು, ಮನೆಗೆಲಸಕ್ಕೆ ಸೇರಿ ನಾಲ್ಕೇ ದಿನ.

"ಇಳಿಸಲ್ಲ. ಅವನ ಮದುವೆಗೆ ಕೇಕ್ ಮಾಡಿದ್ದು ನಾನು."

"ಮದುವೆ ಮುರಿದೋಯ್ತು, ದೋನಾ ಲಿಂದೌರಾ" ಎನ್ನುತ್ತಾನೆ ಡ್ರೈವರ್ ಒಸ್ವಾಲ್ದೊ, ರಸ್ತೆಯಿಂದ ಕಣ್ಣು ತೆಗೆಯದೆ.

"ಕೇಕ್ ಚೆನ್ನಾಗಿತ್ತಲ್ಲ."

ಎಲ್ಲರ ಬಾಯಲ್ಲಿ ದೋನಾ, ಅಂದರೆ ಅಮ್ಮಾವ್ರು, ಆಗಿರುವ ಲಿಂದೌರಾ ಫೆಯ್ತೋಜಾಗೆ ಐವತ್ತೇಳು. ಸಾವೊ ಪಾವ್ಲೊ ನಗರದ ದಕ್ಷಿಣದ ಅಂಚಿನಿಂದ ದಿನವೂ ಈ ಬಸ್ಸು ಹಿಡಿದು, ಇನ್ನೆರಡು ಬಸ್ಸು ಬದಲಿಸಿ, ಸಿರಿವಂತರ ಬಡಾವಣೆ ಹಿಜಿಯೆನೊಪೊಲಿಸ್‌ನ ಒಂಬತ್ತನೇ ಮಹಡಿಯ ಮನೆಯೊಂದನ್ನು ಗುಡಿಸಿ, ಒರೆಸಿ, ಅಡುಗೆ ಮಾಡಿ ಬರುತ್ತಾರೆ. ವಾರಕ್ಕೆ ಆರು ದಿನ, ಹತ್ತೊಂಬತ್ತು ವರ್ಷದಿಂದ ಅದೇ ಮನೆ. ಈ ಬಸ್ಸಿನ ಹೆಂಗಸರಿಗೆ ಅವರು ಇನ್ನೊಂದು ಕಾರಣಕ್ಕೆ ಬೇಕು. ಒಂದು ಟಿಕೆಟಿನ ದುಡ್ಡು ಎಷ್ಟು ದೂರ ಎಳೆಯುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿಲ್ಲ.

ಕಾರ್ಡನ್ನು ಒಮ್ಮೆ ಒತ್ತಿದರೆ ಮೂರು ಗಂಟೆ. ಅಷ್ಟರೊಳಗೆ ಬಸ್ಸು ಬದಲಿಸಿದರೆ ಮತ್ತೆ ದುಡ್ಡಿಲ್ಲ. ಒತ್ತುವ ಯಂತ್ರ ಬಸ್ಸಿನೊಳಗಿನ ತಿರುಗು ಗೇಟಿಗಿದೆ, ಗಡಿಯಾರ ಓಡತೊಡಗುವುದು ಗೇಟು ದಾಟಿದ ಮೇಲೆ. ಆದ್ದರಿಂದ ಲಿಂದೌರಾ ದಾಟುವುದಿಲ್ಲ. ಗೇಟಿನ ಈಚೆ, ಮುದುಕರ ಸೀಟುಗಳ ಪಕ್ಕ, ನಲವತ್ತೈದು ನಿಮಿಷ ನಿಂತಿರುತ್ತಾರೆ. ಸೇತುವೆ ಕಂಡಾಗ "ಹ್ಞೂಂ, ಈಗ" ಎನ್ನುತ್ತಾರೆ. ಹದಿನಾಲ್ಕು ಹೆಂಗಸರು ಒಬ್ಬರ ಹಿಂದೊಬ್ಬರು ಒತ್ತುತ್ತಾರೆ. ಅಷ್ಟರಲ್ಲಿ ಹಿಂದಿನ ಸೀಟುಗಳಲ್ಲೆಲ್ಲ ಬೇರೆಯವರು ಕೂತಿರುತ್ತಾರೆ.

"ಹೊರಡೋವಾಗ ಹಿಂದೆ ಸೀಟು ಖಾಲಿ, ಮುಂದೆ ಸಂತೆ. ಇಂಥ ಬಸ್ಸು ಊರಲ್ಲೇ ಇಲ್ಲ" ಎಂದು ಒಸ್ವಾಲ್ದೊ ದಿನಾ ಗೊಣಗುತ್ತಾನೆ. ದಿನಾ ಸುಮ್ಮನಾಗುತ್ತಾನೆ.

ಇಂದು ಶುಕ್ರವಾರ. ಸೋಮವಾರದಿಂದ ದರ ಏರುತ್ತದೆ. ಗೇಟಿನ ಈಚೆ ಬೇರೆ ಮಾತೇ ಇಲ್ಲ.

"ಭಾನುವಾರದೊಳಗೆ ಕೈಯಲ್ಲಿರೋದನ್ನೆಲ್ಲ ಕಾರ್ಡಿಗೆ ಹಾಕ್ಬಿಡು. ಅದು ಹಳೇ ದರಕ್ಕೇ ಓಡುತ್ತೆ" ಎಂದು ಲಿಂದೌರಾ ಹೇಳುತ್ತಾರೆ.

"ತಿಂಗಳ ಪಾಸೇ ತಗೊಂಡ್ರೆ?" ಎಂದು ಝುಸಾರಾ ಕೇಳುತ್ತಾಳೆ.

"ನಿಂಗೆ ವಾರಕ್ಕೆ ಮೂರು ದಿನ ಕೆಲಸ. ಉಳಿದ ದಿನ ಪಾಸು ಮನೇಲಿ ಮಲಗಿರುತ್ತೆ, ನಿನ್ನ ಗಂಡನ ಥರ."

ನಗು ಗೇಟಿನ ಆಚೆಗೂ ಹೋಗುತ್ತದೆ.

ಈ ಊರಿನಲ್ಲಿ ಕೆಲಸ ಕೇಳಲು ಹೋದರೆ ಅಡುಗೆ ಬರುತ್ತದೆಯೇ ಎನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ, 'ಎಷ್ಟು ಬಸ್ಸು?' ಬಸ್ಸಿನ ಖರ್ಚು ಕೆಲಸ ಕೊಡುವ ಮನೆಯವರದು. ಒಂದೇ ಟಿಕೆಟಿನಲ್ಲಿ ಬರುವವಳಿಗೆ ಕೆಲಸ, ಎರಡು ಬೇಕಾದವಳಿಗೆ ಮುಚ್ಚಿದ ಬಾಗಿಲು. ಹಾಗಾಗಿ ಈ ಹದಿನಾಲ್ಕು ಜನಕ್ಕೆ ಆ ಮೂರು ಗಂಟೆಯೆಂದರೆ ಅನ್ನ.

ಲಿಂದೌರಾ ಬೆಳಿಗ್ಗೆ ಗೆಲ್ಲುತ್ತಾರೆ, ಸಂಜೆ ಸೋಲುತ್ತಾರೆ. ಸಂಜೆಯ ದಟ್ಟಣೆಯಲ್ಲಿ ಕೊನೆಯ ಬಸ್ಸಿಗೆ ಮುಂಚೆಯೇ ಗಡಿಯಾರ ಮುಗಿಯುತ್ತದೆ. ದಿನಕ್ಕೆ ಮೂರು ಟಿಕೆಟು. ಮನೆಯೊಡತಿ ದೋನಾ ಸೋಲಾಂಜ್ ಕೊಡುವುದು ಎರಡರದ್ದು. ಮೂರನೆಯದು ಸ್ವಂತ ಕೈಯಿಂದ. ಆರು ದಿನ, ಮೂರು ಟಿಕೆಟು ಇದ್ದವರಿಗೆ ಗಡಿಯಾರದ ಹಂಗಿಲ್ಲದ ತಿಂಗಳ ಪಾಸೇ ಲಾಭ, ಅದೂ ಹಳೆಯ ದರ ಇರುವಾಗಲೇ. ಆದರೆ ಅಷ್ಟು ದುಡ್ಡು ಒಟ್ಟಿಗೆ ಬೇಕು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಮೊನ್ನೆ ಬುಧವಾರ, ಲಿಂದೌರಾ ಅದನ್ನು ಮನೆಯೊಡತಿಯ ಹತ್ತಿರ ಬಾಯಿಬಿಟ್ಟು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

"ಪಾಸು ಬಂದ್ರೆ ಏನ್ ಮಾಡ್ತೀನಿ ಗೊತ್ತಾ?" ಎನ್ನುತ್ತಾರೆ, ಎಡ ಮಂಡಿಯನ್ನು ಒತ್ತಿಕೊಳ್ಳುತ್ತ. "ಹತ್ತಿದ ತಕ್ಷಣ ಗೇಟು ದಾಟಿ ಕೂತ್ಕೋತೀನಿ. ಕಿಟಕಿ ಪಕ್ಕ. ಸೇತುವೆ ತನಕ ನಿದ್ದೆ."

ಹದಿನಾರನೇ ವಯಸ್ಸಿಗೆ ದೂರದ ಈಶಾನ್ಯದ ಪಿಯಾವಿಯಿಂದ ಬಂದವರು. ಹನ್ನೊಂದು ವರ್ಷ ಬೇರೊಂದು ಮನೆಯಲ್ಲಿ, ಅಡುಗೆಮನೆಯ ಹಿಂದಿನ ಕೆಲಸದವಳ ಕೋಣೆಯಲ್ಲಿ ಇದ್ದರು. ಮಗಳು ಅಕ್ಕನ ಮನೆಯಲ್ಲಿ ಬೆಳೆದಳು. ಎರಡು ವಾರಕ್ಕೊಂದು ಭಾನುವಾರ ರಜೆ.

"ಕೈ ಚಾಚಿದ್ರೆ ಎರಡೂ ಗೋಡೆ ಸಿಗ್ತಿತ್ತು. ಮಗಳು ನಡೆಯೋಕೆ ಶುರು ಮಾಡಿದ್ದನ್ನ ಅಕ್ಕ ಬೂತಿಂದ ಫೋನ್ ಮಾಡಿ ಹೇಳಿದ್ಲು. ನಾನು ಆಗ ಬೆಳ್ಳಿ ಚಮಚ ಉಜ್ತಾ ಇದ್ದೆ. ಉಜ್ಜಿ ಮುಗಿಸ್ದೆ."

ಇಪ್ಪತ್ತೇಳಕ್ಕೆ ಆ ಕೋಣೆ ಬಿಟ್ಟರು. ಆಮೇಲೆ ಮೂವತ್ತು ವರ್ಷ, ಎಷ್ಟು ಬಸ್ಸಾದರೂ, ಎಷ್ಟು ಹೊತ್ತಾದರೂ, ಸಂಜೆ ಮನೆಗೆ ಹೋಗಿದ್ದಾರೆ. ಈಗ ಅಲ್ಲಿ ಮಗಳಿದ್ದಾಳೆ, ಎರಡು ವರ್ಷದ ಮೊಮ್ಮಗಳಿದ್ದಾಳೆ.

ಏಳೂವರೆ. ಮೂರನೆಯ ಬಸ್ಸಿನ ನಿಲ್ದಾಣ. ಗಡಿಯಾರ ಮುಗಿಯಲು ಇನ್ನೂ ಅರ್ಧ ಗಂಟೆಯಿದೆ. ಝುಸಾರಾ ಇಲ್ಲೇ ಪಕ್ಕದ ಬೀದಿಗೆ ಹೋಗಬೇಕಾದವಳು, ಆದರೂ ನಿಂತಿದ್ದಾಳೆ. ಲಿಂದೌರಾರ ಫೋನು ಗುಂಯ್‌ಗುಡುತ್ತದೆ. ದೋನಾ ಸೋಲಾಂಜ್ ಕಳಿಸಿದ ದನಿ ಸಂದೇಶ. ಕಿವಿ ಮಂದವಾದ್ದರಿಂದ ಲಿಂದೌರಾ ಅದನ್ನು ಜೋರಾಗಿ ಹಾಕುತ್ತಾರೆ. ನಿಲ್ದಾಣಕ್ಕೆಲ್ಲ ಕೇಳುತ್ತದೆ.

"ಲಿಂದೌರಾ, ನಾನೂ ಯಜಮಾನ್ರೂ ಕೂತು ಯೋಚಿಸಿದ್ವಿ. ಪಾಸಿಗೆ ಯಾಕೆ ದುಡ್ಡು ಸುರೀಬೇಕು ಹೇಳು. ಹಿಂದಿನ ರೂಮು ಖಾಲಿ ಇದೆ. ಹೊಸ ಹಾಸಿಗೆ ಹಾಕಿಸ್ತೀನಿ, ಫ್ಯಾನೂ ಇದೆ. ಸೋಮವಾರದಿಂದ ಶನಿವಾರದ ತನಕ ಇಲ್ಲೇ ಇದ್ಬಿಡು. ನೀನೇನು ಹೊರಗಿನವಳಾ, ಮನೆಯವಳ ಥರಾನೇ. ಹೀಗೇ ಓಡಾಡ್ತೀನಿ ಅಂದ್ರೆ ಕಷ್ಟ ಆಗುತ್ತೆ ನೋಡು, ಒಂದೇ ಬಸ್ಸಲ್ಲಿ ಬರೋರನ್ನ ಹುಡುಕಬೇಕಾಗುತ್ತೆ. ಯೋಚ್ನೆ ಮಾಡಿ ಹೇಳು, ಆಯ್ತಾ?"

"ಫ್ಯಾನಿದೆಯಂತೆ" ಎನ್ನುತ್ತಾಳೆ ಝುಸಾರಾ, ಮೆಲ್ಲಗೆ.

ಬಸ್ಸು ಬಂದು ನಿಲ್ಲುತ್ತದೆ. ಲಿಂದೌರಾ ಹತ್ತಿ, ಕಾರ್ಡು ಒತ್ತಿ, ಗೇಟು ದಾಟಿ, ಕಂಬ ಹಿಡಿದು ನಿಲ್ಲುತ್ತಾರೆ. ಫೋನನ್ನು ಬಾಯಿಯ ಹತ್ತಿರ ತಂದು, ಬ್ಲೀಚಿನ ಹೆಬ್ಬೆರಳಿನಿಂದ ಗುಂಡಿ ಅದುಮುತ್ತಾರೆ.

"ಯೋಚ್ನೆ ಮಾಡೋಕೆ ಏನಿಲ್ಲ, ದೋನಾ ಸೋಲಾಂಜ್. ಆ ರೂಮು ಬೇಡ. ನಾನು ಸಂಜೆ ಮನೆಗೆ ಹೋಗ್ತೀನಿ."