ಅಪ್ಪನ ಕಣ್ಣು ತೆರೆಸುವ ಕ್ಯಾಮೆರಾ

ನಮ್ಮ ಮನೆಯಲ್ಲಿ ಅಪ್ಪನ ಫೋಟೋಗಳಿಗೆ ಬರವಿಲ್ಲ. ಕಣ್ಣು ತೆರೆದ ಅಪ್ಪ ಮಾತ್ರ ಒಂದರಲ್ಲೂ ಇಲ್ಲ. ಮದುವೆಯ ಫೋಟೋದಲ್ಲಿ ಅವ್ವ ಬೆದರಿಕೊಂಡು ಎದುರಿಗೆ ನೋಡುತ್ತಿದ್ದರೆ, ಅಪ್ಪ ಪಕ್ಕದಲ್ಲಿ ಸೊಂಪಾಗಿ ನಿದ್ದೆ ಹೊಡೆಯುವವನ ಹಾಗಿದ್ದಾನೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಧಾರೆ ಎರೆಯುವಾಗಲೂ ಅಷ್ಟೇ. ಆಧಾರ್ ಕಾರ್ಡಿಗೆ ಅಂತ ಆಪರೇಟರ್ ಬೈದು ಬೈದು ಅರ್ಧ ಕಣ್ಣು ತೆರೆಸಿದ. ಅದರಲ್ಲಿ ಅಪ್ಪ ಯಾರನ್ನೋ ಗುಮಾನಿಯಿಂದ ನೋಡುತ್ತಿದ್ದಾನೆ. ಹೋದ ವರ್ಷ ಹಾಸನದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೊಂದು ಹಟ ಹುಟ್ಟಿತು. ಆ ಕಣ್ಣು ತೆರೆದಿರುವಾಗಲೇ ಒಂದು ಫೋಟೋ ತೆಗೆಯಬೇಕು. ಅಪ್ಪನಿಗೆ ಎಪ್ಪತ್ತೈದು ದಾಟಿದೆ. ಇದನ್ನು ಮುಂದಕ್ಕೆ ಹಾಕಲು ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಬೇರೆಯವರಾಗಿದ್ದರೆ ಮೊಬೈಲಿನಲ್ಲಿ ನೂರು ಸಲ ಒತ್ತಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸುಲಭದ್ದನ್ನು ಕಷ್ಟ ಮಾಡುವುದಕ್ಕೇ ನನಗೆ ಸಂಬಳ. ಆರು ತಿಂಗಳು ವಿಡಿಯೋ ನೋಡಿ, ಯಾರದೋ ಕೈ ದಾಟಿ ಬಂದ ಹಳೆಯ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾನೇ ಆಗಬೇಕೆಂದು ತೀರ್ಮಾನಿಸಿದೆ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ನೋಡುವಂಥದ್ದು. ಒಂದು ರೋಲಿಗೆ ಹನ್ನೆರಡೇ ಫೋಟೋ, ಒಂದೊಂದು ನೆಗೆಟಿವ್ವೂ ಬಿಸ್ಕತ್ತಿನಷ್ಟು ಅಗಲ. ಫೋಟೋ ತೆಗೆಯುವವಳು ನೆಲ ನೋಡುತ್ತಿದ್ದರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಲೆನ್ಸಿನ ಬಗ್ಗೆ ಒಂದು ಪೀರಿಯಡ್ ಪೂರ್ತಿ ಮಾತಾಡಬಲ್ಲವಳಾಗಿದ್ದೆ. ಅಂಥ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಿರಲಿಲ್ಲ, ಅಷ್ಟೇ.

“ಹಳೇದು ತಗತೀಯ ಅಂದ್ಮೇಲೆ ನಾನಿಲ್ದೆ ಓಗ್ಬ್ಯಾಡ ಕಣವ್ವ,” ಎಂದ ಅಪ್ಪ. ನಮ್ಮೂರು ಬಾಗೂರಿನ ಸುತ್ತಮುತ್ತ ಒಂದು ಕಾಲದಲ್ಲಿ ಯಾರು ಎತ್ತು ಕೊಳ್ಳಬೇಕಾದರೂ ಅಪ್ಪನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಹಲ್ಲು, ಸುಳಿ, ನಡಿಗೆ ನೋಡಿ ಅಪ್ಪ ಹೇಳಿದ್ದೇ ಕೊನೆಯ ಮಾತು. ಟ್ರ್ಯಾಕ್ಟರುಗಳು ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ. ಕ್ಯಾಮೆರಾ ಯಾತಕ್ಕೆಂದು ನಾನು ಹೇಳಲಿಲ್ಲ, ಅಪ್ಪ ಕೇಳಲೂ ಇಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ಬಸ್ ಹತ್ತಿಬಿಟ್ಟ.

ಹಾಸನದ ಅಂಗಡಿಯೊಂದರಲ್ಲಿ ನಾನು ಮೊದಲೇ ಮನಸ್ಸು ಕೊಟ್ಟಿದ್ದ ಕ್ಯಾಮೆರಾ ಇತ್ತು. ದಪ್ಪಗೆ, ಕರ್ರಗೆ, ಹೊಸದರಂತೆ ಹೊಳೆಯುತ್ತಿತ್ತು. “ಎಲ್ಲಿ, ಒಂದ್ಸಲ ನಡ್ಸಿ ತೋರ್ಸಪ್ಪ,” ಎಂದ ಅಪ್ಪ ಅಂಗಡಿಯವನಿಗೆ. ಅವನು ಗುಂಡಿ ಒತ್ತಿದ. ಗಾಳಿಗೆ ಬಾಗಿಲು ಬಡಿದ ಹಾಗೆ ಧಡ್ ಎಂದಿತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ಇದು ಒದೀತದೆ. ಬ್ಯಾಡ.”

ಒಳಗಿನ ಕನ್ನಡಿ ಮೇಲೇಳುವ ಸದ್ದು ಅದು ಎಂದು ನಾನು ಪಾಠ ಮಾಡಿದೆ. “ಯಾವುದ್ ಎದ್ರೇನು, ಒದಿಯೋದು ಒದಿಯೋದೇಯ,” ಎಂದು ಅಪ್ಪ ಹೊರಗೆ ನಡೆದ.

ಅರಕಲಗೂಡಿನ ಸ್ಟುಡಿಯೋದಲ್ಲಿ ಗಾಜಿನ ಬೀರುವಿನೊಳಗೆ ಇನ್ನೊಂದಿತ್ತು. ವರ್ಷವರ್ಷವೂ ಆಯುಧಪೂಜೆಯ ದಿನ ಅದರ ಲೆನ್ಸಿನ ನಟ್ಟನಡುವೆಯೇ ಅರಿಶಿನ ಕುಂಕುಮ ಇಟ್ಟಿದ್ದರು. ಭಕ್ತಿಗೇನೂ ಕಡಿಮೆ ಮಾಡಿರಲಿಲ್ಲ. ನಾನು ಸೆರಗಿನಿಂದ ಒರೆಸಿ, ಚೆನ್ನಾಗಿದೆ ಎಂದೆ. ಅಪ್ಪ ಮೊಬೈಲಿನ ಟಾರ್ಚ್ ಹಾಕಿ ಒಳಗೆ ಇಣುಕಿದ. “ಒಳಗೆ ಪೊರೆ ಕಟ್ಕಂಡದೆ ನೋಡು. ನಂದಾದ್ರೆ ತಗ್ದಾಕುದ್ರು, ಇದ್ನ ಯಾವ ಆಸ್ಪತ್ರೆಗ್ ತಕ್ಕಂಡೋಗೀಯ?” ಗಾಜಿನ ತುಂಬ ಜೇಡರಬಲೆಯಂತೆ ಬೂಷ್ಟು ಹಬ್ಬಿತ್ತು. ಹಳೆಯ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ನಾನು ನಲವತ್ತು ವಿಡಿಯೋಗಳಲ್ಲಿ ನೋಡಿದ್ದೆ.

ಹೊಳೆನರಸೀಪುರದಲ್ಲಿ ಅಪ್ಪನ ವಯಸ್ಸಿನವರೇ ಒಬ್ಬರು, ತಮ್ಮ ಹಳೇ ಸ್ಟುಡಿಯೋ ಮುಚ್ಚಿ ಈಗ ಅಲ್ಲೇ ಜೆರಾಕ್ಸ್ ಮಾಡುತ್ತಿದ್ದರು. ಅವರು ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಗಂಟು ಬಿಚ್ಚಿ, ಮೇಲೊಂದು ಕೆಳಗೊಂದು ಲೆನ್ಸಿರುವ ಸಣ್ಣ ಕ್ಯಾಮೆರಾ ತೆಗೆದರು. ಚರ್ಮ ಅಲ್ಲಲ್ಲಿ ಎದ್ದಿತ್ತು. ನನಗೆ ಮನಸ್ಸು ಬರಲಿಲ್ಲ. ಅಪ್ಪ ಹಿಂದಿನ ಬಾಗಿಲು ತೆಗೆಸಿ ಮೂಸಿದ, ತಿರುಗಿಸುವ ಗುಂಡಿಗೆ ಕಿವಿಕೊಟ್ಟ, ಟಾರ್ಚ್ ಹಾಕಿದ. ಒತ್ತಿಸಿದಾಗ ಹಲ್ಲಿ ಲೊಚಗುಟ್ಟಿದಷ್ಟೇ ಸದ್ದಾಯಿತು. ಕೊನೆಗೆ ಬಗ್ಗಿ ಮೇಲಿನ ಗಾಜಿನೊಳಗೆ ನೋಡಿದವನು ಬೆರಗಾದ.

“ಅಯ್ಯೋ, ನೀನು ಎಡಕ್ಕೆ ಓದ್ರೆ ಇದ್ರಾಗೆ ಬಲಕ್ಕೆ ಓಯ್ತೀಯಲ್ಲವ್ವ!”

“ಅದು ಅಂಗೇಯ ಯಜಮಾನ್ರೇ. ನಾಕ್ ದಿನಕ್ಕೆ ರೂಢಿ ಆಯ್ತದೆ,” ಎಂದರು ಅವರು.

“ಸಾದು ಪ್ರಾಣಿ. ಇದೇ ಇರ್ಲಿ.” ಹೀಗೆಂದು ಅಪ್ಪ ಟವೆಲನ್ನು ಅವರ ಕೈಮೇಲೆ ಹಾಸಿ, ಒಳಗೆ ಬೆರಳು ಹಿಡಿದ. ದನದ ವ್ಯಾಪಾರದ ಹಾಗೆಯೇ, ಬಾಯಿಬಿಡದೆ, ಇಬ್ಬರೂ ಬೆರಳಿನಲ್ಲೇ ಎಳೆದಾಡಿದರು. ಕೊಳ್ಳುವವಳು ನಾನು, ಬೆಲೆ ಮಾತ್ರ ನನಗೊಬ್ಬಳಿಗೇ ಗೊತ್ತಿಲ್ಲದಂತೆ ಕುದುರಿತು.

ಮುಂದಿನ ಭಾನುವಾರ ಬೆಳಿಗ್ಗೆ ಊರಿನ ಮನೆಯ ಹಿತ್ತಲಿನಲ್ಲಿ ಅಪ್ಪನನ್ನು ಕೂರಿಸಿದೆ. ಈ ಕ್ಯಾಮೆರಾದಲ್ಲಿ ಒತ್ತುವ ಗಳಿಗೆಯಲ್ಲೂ ಎದುರಿನವರು ಕಾಣುತ್ತಲೇ ಇರುತ್ತಾರೆ. ಹಾಗಾಗಿ ನನ್ನ ಸೋಲನ್ನು ನಾನು ಕಣ್ಣಾರೆ ಕಂಡೆ. ಮಾತಾಡಿಸುತ್ತಾ ಒತ್ತಿದೆ, ಮುಚ್ಚಿದ. ಕೋಳಿ ತೋರಿಸಿ ಒತ್ತಿದೆ, ಮುಚ್ಚಿದ. ಹನ್ನೊಂದು ಸಲವೂ ನನ್ನ ಬೆರಳಿಗಿಂತ ಒಂದು ಕೂದಲೆಳೆ ಮೊದಲೇ ಆ ರೆಪ್ಪೆಗಳು ಇಳಿದವು. ನನಗೆ ಸಿಟ್ಟು ಬಂತು, ಅಳುವೂ ಬಂತು.

“ನಿನ್ ಕಣ್ಣು ಒಂದ್ ಫೋಟೋದಲ್ಲಾದ್ರೂ ಇರ್ಲಿ ಅಂತಾನೇ ಇಷ್ಟೆಲ್ಲ ಮಾಡಿದ್ದು ಕಣಪ್ಪ!”

ಅಪ್ಪ ಕುರ್ಚಿಯಿಂದ ಎದ್ದ. “ಇದ್ನ ಮೊದ್ಲೇ ನಂಗ್ ಏಳಬಾರ್ದಾ? ಎಲ್ಲಿ, ಕೊಡಿಲ್ಲಿ, ನಿಂದೊಂದು ತಗೀತೀನಿ,” ಎಂದು ಕೈಚಾಚಿದ.

ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಬಗ್ಗಿ ಬಹಳ ಹೊತ್ತು ನೋಡಿದ. ಹಲ್ಲಿ ಲೊಚಗುಟ್ಟಿತು. ಅಪ್ಪ ತಲೆಯೆತ್ತಿದ.

“ಲೇ, ನೀನೂ ಮುಚ್ಚುದೆ ಕಣವ್ವ!”

ನಗು ತಡೆಯಲಾಗದೆ ನನ್ನನ್ನೇ ನೋಡುತ್ತಿದ್ದ. ಎರಡೂ ಕಣ್ಣು ಪೂರ್ತಿ ತೆರೆದಿದ್ದವು, ಬಿಸಿಲಿಗೆ ಒದ್ದೆಯಾಗಿ ಹೊಳೆಯುತ್ತಿದ್ದವು. ರೋಲು ಮುಗಿದಿತ್ತು. ಇಂಥ ಕೆಲಸಕ್ಕೆ ಮೊಬೈಲ್ ಯಾಕೆ ಎಂದು ನಾನೇ ಅದನ್ನು ಒಳಗೆ ಚಾರ್ಜಿಗೆ ಹಾಕಿ ಬಂದಿದ್ದೆ.

ಬೆಂಗಳೂರಿಗೆ ಕಳಿಸಿ ತೊಳೆಸಿದ ಆ ಹನ್ನೆರಡರಲ್ಲಿ ಅಪ್ಪ ಕಟ್ಟು ಹಾಕಿಸಿದ್ದು ತಾನು ತೆಗೆದದ್ದೊಂದನ್ನೇ. ತನ್ನ ಮದುವೆಯ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾನೆ. ಬಂದವರಿಗೆಲ್ಲ ಮೊದಲು ತನ್ನ ಮುಚ್ಚಿದ ರೆಪ್ಪೆ ತೋರಿಸಿ, ಆಮೇಲೆ ನನ್ನವನ್ನು ತೋರಿಸಿ ಹೇಳುತ್ತಾನೆ: “ನೋಡಿ, ಕಣ್ಣು ನಂದೇಯ.”