ಮೊಣಕಾಲಿನ ಜಲ್ಲಿಕಲ್ಲು

ಅವರ ಎಡ ಮೊಣಕಾಲಿನ ಚರ್ಮದೊಳಗೆ ಒಂದು ಜಲ್ಲಿಕಲ್ಲು ಇತ್ತು. ಹುರುಳಿಕಾಳಿನಷ್ಟು ದೊಡ್ಡದು. ಗಾಯ ಅದರ ಮೇಲೇ ಮಾಗಿಬಿಟ್ಟಿತ್ತು. ಬೆರಳಿಟ್ಟು ಒತ್ತಿದರೆ ಒಳಗೊಳಗೇ ಜಾರುತ್ತಿತ್ತು. ಎಸ್ಟೇಟಿನ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, ಖಾಕಿ ಚಡ್ಡಿಯ ಕಾಲು ಮುಂದೆ ಚಾಚಿ, "ಮುಟ್ಟಿ ನೋಡು ಮೋಳೇ. ಇದು ಧಣಿ ಆಸ್ತಿ. ನಾನು ಕದ್ದಿಟ್ಕೊಂಡಿದ್ದೇನೆ" ಎನ್ನುತ್ತಿದ್ದರು. ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ.

ನಾವೆಲ್ಲ ಅವರನ್ನು ರೈಟರ್ ಮಾಮ ಎನ್ನುತ್ತಿದ್ದೆವು. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಎಸ್ಟೇಟಿನ ಆಳುಗಳ ಹಾಜರಿ ಹಾಕುವವರು. ಕಣ್ಣೂರಿನ ಕಡೆಯಿಂದ ಹುಡುಗರಾಗಿದ್ದಾಗ ಘಟ್ಟ ಹತ್ತಿ ಬಂದವರು. ಹೆಂಡತಿ ಮಕ್ಕಳಿರಲಿಲ್ಲ. ಮಾತಾಡಿದರೆ ಕನ್ನಡ, ಸಿಟ್ಟು ಬಂದರೆ ಮಲಯಾಳ. ಸಿಟ್ಟು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಆ ದಿನದ ಬಗ್ಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆಗ ಕೊಡಗೇ ಒಂದು ರಾಜ್ಯ, ಮಡಿಕೇರಿಯಲ್ಲೇ ಮಂತ್ರಿಗಳು. ನಮ್ಮೂರಿನಿಂದ ಸುಂಟಿಕೊಪ್ಪದ ಶಾಲೆಗೆ ಹೋಗಲು ಎರಡು ದಾರಿ ಇದ್ದವು. ದೊಡ್ಡ ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಗಳು ಬ್ರೇಕು ಇದೆಯೋ ಇಲ್ಲವೋ ಎಂಬಂತೆ ಇಳಿಯುತ್ತಿದ್ದವು. ಇನ್ನೊಂದು, ಎಸ್ಟೇಟಿನ ಒಳಗಿನ ಜಲ್ಲಿ ದಾರಿ. ಕಾಫಿ ತೋಟದ ನಡುವೆ, ಮರಗಳ ನೆರಳಲ್ಲೇ, ಶಾಲೆಯ ಹಿಂದಿನ ಗದ್ದೆಯವರೆಗೆ ಹೋಗುವ ಕೆಂಪು ದಾರಿ. ಧಣಿಯ ಜೀಪು ಯಾವಾಗಲಾದರೊಮ್ಮೆ, ಒಂದೆರಡು ಎತ್ತಿನಗಾಡಿ, ಅಷ್ಟೇ. ಟಯರಿನ ಕೆಳಗೆ ಜಲ್ಲಿ ಕರಕರ ಎನ್ನುವ ಸದ್ದು ಬಿಟ್ಟರೆ ಹಕ್ಕಿಗಳದ್ದೇ ಗಲಾಟೆ.

ನನ್ನನ್ನು ಶಾಲೆಗೆ ಬಿಡುತ್ತಿದ್ದ ಅಣ್ಣ ಮಿಲಿಟರಿಗೆ ಸೇರಿದಾಗ ಅವನ ಸೈಕಲ್ ಮನೆಯಲ್ಲಿ ಉಳಿಯಿತು. ಹೆಣ್ಣುಮಕ್ಕಳು ಸೈಕಲ್ ಹೊಡೆಯುವುದು ಅಪ್ಪನಿಗೆ ಸುತರಾಂ ಒಪ್ಪಿಗೆಯಿಲ್ಲ. ದೊಡ್ಡ ರಸ್ತೆಯಲ್ಲಿ ನಡೆದು ಹೋಗಲೂ ಬಿಡುವುದಿಲ್ಲ. ಅಂದರೆ ಶಾಲೆ ಬಿಡು ಎಂದು ಅರ್ಥ. ರೈಟರ್ ಮಾಮ ನಮ್ಮ ಜಗಲಿಯಲ್ಲಿ ಕೂತು, ಜಲ್ಲಿ ದಾರಿಯಲ್ಲಿ ಹುಡುಗಿಗೆ ಏನಾದರೂ ಆದರೆ ತಮ್ಮನ್ನು ಕೇಳಿ ಎಂದು ಮಾತು ಕೊಟ್ಟರು. ಅಪ್ಪ ಒಪ್ಪಿದ. ನಮ್ಮ ಕಡೆ ಮಾತು ಕೊಟ್ಟರೆ ಮುಗಿಯಿತು ಎಂದು ಅಪ್ಪನೇ ಹೇಳುತ್ತಿದ್ದ. ಆ ಹೇಳಿಕೆ ಅವನಿಗೇ ಎಷ್ಟು ದಿನ ನೆನಪಿತ್ತು ಎಂಬುದು ಬೇರೆ ಮಾತು.

ಅಡ್ಡ ಕಂಬಿಯ ಕೆಳಗಿನಿಂದ ಕಾಲು ತೂರಿಸಿ ಪೆಡಲು ತುಳಿಯುವುದನ್ನು ಅವರೇ ಕಲಿಸಿದರು. ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಹಿಡಿದವರು ಮಣ್ಣು ತಿನ್ನುತ್ತಾರೆ ಎನ್ನುತ್ತಿದ್ದರು. ಸಾಕ್ಷಿಗೆ ಮೊಣಕಾಲು ಇದ್ದೇ ಇತ್ತು. ಕಲ್ಲು ನೋಡಬೇಡ, ಕಲ್ಲು ನೋಡಿದರೆ ಚಕ್ರ ಅಲ್ಲಿಗೇ ಹೋಗುತ್ತದೆ, ದಾರಿ ನೋಡು ಎನ್ನುತ್ತಿದ್ದರು. ಬೆಳಿಗ್ಗೆ ಹಾಜರಿ ಹಾಕಿ ಗೇಟಿಗೆ ಬಂದು, ಇಳಿಜಾರು ದಾಟುವವರೆಗೆ ನನ್ನ ಹಿಂದೆಯೇ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರ ಗಂಟೆಗೆ ಮುಚ್ಚಳ ಇರಲಿಲ್ಲ, ಬಾಯಲ್ಲೇ ಟ್ರಿಣ್ ಟ್ರಿಣ್ ಎನ್ನುತ್ತಿದ್ದರು. ನಗು ತಡೆಯಲಾಗದೆ ಎಷ್ಟು ಸಲ ಬಿದ್ದಿದ್ದೇನೋ.

ಆ ದಾರಿಗೆ ವರ್ಷದಲ್ಲಿ ಒಂದು ದಿನ ಬೀಗ. ಕಾಫಿ ಕೊಯ್ಲು ಮುಗಿದ ಮೇಲೆ ಬರುವ ಅಮಾವಾಸ್ಯೆಯ ದಿನ ಗೇಟು ಎಳೆದು, ಸರಪಳಿ ಸುತ್ತಿ, ಬೀಗ ಹಾಕಬೇಕೆಂದು ಬಿಳಿ ದೊರೆಗಳ ಕಾಲದಿಂದಲೂ ಆಜ್ಞೆ. ಕಾರಣ ಯಾರೂ ಹೇಳಿರಲಿಲ್ಲ. ಊರವರು ತಾವೇ ಒಂದು ಕಾರಣ ಹುಟ್ಟಿಸಿಕೊಂಡರು. ಗೇಟಿನ ಪಕ್ಕ ಹಲಸಿನ ಮರದಡಿ ಗುಳಿಗನ ಕಲ್ಲು ಇತ್ತಲ್ಲ, ಆ ದಿನ ಗುಳಿಗ ದೈವ ತನ್ನ ದಾರಿಯಲ್ಲಿ ಸಂಚಾರ ಹೊರಡುತ್ತದೆ, ಅಡ್ಡ ಹೋದವರು ಉಳಿಯುವುದಿಲ್ಲ ಎಂದು ನಂಬಿದರು. ಬೀಗದ ಮುಂದೆ ತೆಂಗಿನಕಾಯಿ ಒಡೆದು ಕೈಮುಗಿದು ಬರುತ್ತಿದ್ದರು. ತಮ್ಮ ದಾರಿಯನ್ನು ಕಸಿಯುವ ಬೀಗಕ್ಕೆ ಪೂಜೆ ಮಾಡಿದ ಜನ ಪ್ರಪಂಚದಲ್ಲಿ ಬೇರೆಲ್ಲಾದರೂ ಇದ್ದಾರೋ ನನಗೆ ತಿಳಿಯದು.

ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಸರಿಯಾಗಿ ಆ ಅಮಾವಾಸ್ಯೆಗೇ ಬಿತ್ತು. ಪಾಸಾದರೆ ಟೀಚರ್ ಟ್ರೈನಿಂಗಿಗೆ ಹೋಗಬಹುದು, ಇಲ್ಲದಿದ್ದರೆ ಅಪ್ಪ ನೋಡಿಟ್ಟಿದ್ದ ಗಂಡು. ಗುಳಿಗನ ದಿನ ಹೊರಗೆ ಕಾಲಿಡಬೇಡ ಎಂದು ಅಪ್ಪ ಗದ್ದೆಗೆ ಹೋದ. ನಾನು ಸೈಕಲ್ ತೆಗೆದುಕೊಂಡು ಗೇಟಿಗೆ ಓಡಿದೆ. ಬೀಗ ನೇತಾಡುತ್ತಿತ್ತು, ಕಾಯಿ ಒಡೆದಿತ್ತು. ಅಲ್ಲೇ ನಿಂತು ಗೊಳೋ ಎಂದು ಅತ್ತೆ. ರೈಟರ್ ಮಾಮ ಬಂದರು. ಗೇಟಿನ ಕಡೆ ಕೈ ತೋರಿಸಿದರು.

"ತಳ್ಳು" ಎಂದರು.

"ಬೀಗ ಉಂಟು ಮಾಮ."

"ತಳ್ಳಿ ನೋಡು ಮೋಳೇ."

ತಳ್ಳಿದೆ. ಸರಪಳಿ ಜಾರಿ ಬಿತ್ತು. ಬೀಗದ ಕೊಂಡಿ ಒಳಗೆ ಕೂತೇ ಇರಲಿಲ್ಲ.

ಆ ದಿನ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿತ್ತು. ಅಷ್ಟು ವೇಗವಾಗಿ ನಾನು ಮತ್ತೆಂದೂ ಸೈಕಲ್ ಹೊಡೆದಿಲ್ಲ. ಅರ್ಧ ದಾರಿಯಲ್ಲಿ ಎದುರಿಗೆ ಧಣಿಯ ಜೀಪು. ಬಿಳಿ ದೊರೆಯಿಂದ ಎಸ್ಟೇಟ್ ಕೊಂಡ ಹೊಸ ಧಣಿ ಇವರು. ಜೀಪು ನಿಲ್ಲಿಸಿ, ಯಾರ ಮಗಳು, ಎಲ್ಲಿಗೆ ಎಂದು ನಯವಾಗಿ ವಿಚಾರಿಸಿದರು. ಪರೀಕ್ಷೆ ಎಂದೆ. ಚೆನ್ನಾಗಿ ಬರಿಯಮ್ಮ ಎಂದು ಹರಸಿ ಜೀಪು ಬಿಟ್ಟರು. ಆ ಸಂಜೆಯೇ ರೈಟರ್ ಮಾಮನನ್ನು ಕೆಲಸದಿಂದ ತೆಗೆದರು.

ಭಾನುವಾರ ಶಾಲೆಯ ಜಗಲಿಯಲ್ಲಿ ಊರು ಸೇರಿತು. ಸೇರಿಸಿದವರು ರೈಟರ್ ಮಾಮ. ಅಂದು ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಗುಳಿಗನೂ ಇಲ್ಲ, ಸಂಚಾರವೂ ಇಲ್ಲ. ತಡೆಯಿಲ್ಲದೆ ಬಹಳ ವರ್ಷ ಜನ ನಡೆದರೆ ದಾರಿ ಜನರದ್ದಾಗುತ್ತದೆ ಎಂದು ಕಾನೂನು. ಹಾಗಾಗದಿರಲಿ ಎಂದೇ ವರ್ಷಕ್ಕೊಂದು ದಿನದ ಬೀಗ. ನಾನು ರೈಟರಾದ ಮೇಲೆ ಆ ಬೀಗವನ್ನು ಒಮ್ಮೆಯೂ ಅದುಮಿಲ್ಲ, ಸುಮ್ಮನೆ ನೇತುಹಾಕಿ ಬಂದಿದ್ದೇನೆ. ಯಾರಾದರೊಬ್ಬರು ತಳ್ಳಿ ದಾಟಲಿ ಎಂದು ವರ್ಷ ವರ್ಷವೂ ಕಾದಿದ್ದೇನೆ. ಈಗ ಈ ಹುಡುಗಿ ದಾಟಿದ್ದಾಳೆ, ಧಣಿಯೇ ಕಣ್ಣಾರೆ ನೋಡಿದ್ದಾರೆ. ಗೇಟು ತೆರೆದೇ ಇತ್ತು ಎಂದು ನೀವೆಲ್ಲ ಒಂದು ಮಾತು ಹೇಳಿ, ದಾರಿ ನಿಮ್ಮದು. ಇಷ್ಟು ಹೇಳಿ ಅಪ್ಪನ ಕಡೆ ತಿರುಗಿದರು.

"ನನ್ನ ಕೆಲಸ ಹೋಯ್ತು, ಹೋಗ್ಲಿ. ಅದು ಬರೀ ಸುಮ್ಮನೆ ಹೋಗೋದು ಬೇಡ."

ಧಣಿಯ ವಕೀಲರೂ ಬಂದಿದ್ದರು. ಅವರು ಏನೂ ವಾದಿಸಲಿಲ್ಲ. ಬೀಗ ಕಂಡಿದ್ದೀರೋ ಇಲ್ಲವೋ ಎಂದಷ್ಟೇ ಕೇಳಿದರು. ಊರ ಹಿರಿಯರೊಬ್ಬರು ಅದರ ಮೇಲೆ ಅಪ್ಪನನ್ನು ಇನ್ನೊಂದು ಕೇಳಿದರು. ಗುಳಿಗನ ದಿನ ನಿನ್ನ ಮಗಳು ದಾರಿ ದಾಟಿದ್ದು ನಿಜವೋ? ನಿಜವಾದರೆ ದೈವಕ್ಕೆ ತಪ್ಪುಕಾಣಿಕೆ ಆಗಬೇಕು, ಹುಡುಗಿಯ ಮದುವೆಯ ಮಾತು ಆಮೇಲೆ. ಅಪ್ಪ ನೆಲ ನೋಡಿದ. ಆಮೇಲೆ ನಮ್ಮ ಅರೆಭಾಷೆಯಲ್ಲಿ ಹೇಳಿದ:

"ಬೀಗ ಇತ್ತ್. ನಾನೇ ಕಣ್ಣಾರೆ ಕಂಡದ್."

ಸುಳ್ಳೇನಲ್ಲ. ಬೀಗ ಇದ್ದದ್ದೂ ಹೌದು, ಅವನು ಕಂಡದ್ದೂ ಹೌದು. ಮಗಳು ದೊಡ್ಡ ರಸ್ತೆಯಲ್ಲೇ ಹೋದಳು ಎಂದು ಸೇರಿಸಿದನಲ್ಲ, ಅದು ಸುಳ್ಳು. ನಾನು ಹಿಂದಿನಿಂದ, ನಾನು ಹೋದದ್ದು ಜಲ್ಲಿ ದಾರಿಯಲ್ಲೇ ಎಂದು ಕೂಗಿದೆ. ಪಕ್ಕದಲ್ಲಿದ್ದ ಸೋದರತ್ತೆ ನನ್ನ ಬಾಯಿ ಮುಚ್ಚಿದಳು. ಯಾರೋ ನಕ್ಕರು. ಒಬ್ಬೊಬ್ಬರಾಗಿ ಎಲ್ಲರೂ ಬೀಗ ಇತ್ತು, ಬೀಗ ಇತ್ತು ಎಂದರು. ಆಗ ರೈಟರ್ ಮಾಮನಿಗೆ ಸಿಟ್ಟು ಬಂತು. ಮಲಯಾಳದಲ್ಲಿ ಬೈದರು. ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ, ಅರ್ಥವಾದವರು ಕೇಳದಂತಿದ್ದರು. ಬೈದು ಮುಗಿಸಿ, ಸೈಕಲ್ ಹತ್ತಿ ಹೋದರು. ಮಾರನೆಯ ದಿನದಿಂದ ಗೇಟಿಗೆ ನಿಜವಾದ ಬೀಗ ಬಿತ್ತು, ವರ್ಷದ ಎಲ್ಲ ದಿನವೂ. ಊರವರು ದೊಡ್ಡ ರಸ್ತೆ ಸುತ್ತಿ ನಡೆದರು. ತೆಂಗಿನಕಾಯಿ ಒಡೆಯುವುದನ್ನು ಮಾತ್ರ ಬಿಡಲಿಲ್ಲ. ಥೂ.

ನಾನು ಪಾಸಾದೆ. ಅಣ್ಣ ಕಾಗದ ಬರೆದು ಅಪ್ಪನನ್ನು ಒಪ್ಪಿಸಿದ. ಟ್ರೈನಿಂಗಿಗೆ ಸೀಟು ಸಿಕ್ಕಿದಾಗ ರೈಟರ್ ಮಾಮನನ್ನು ಹುಡುಕಿಕೊಂಡು ಅಣ್ಣನ ಜೊತೆ ತಿತಿಮತಿಗೆ ಹೋದೆ. ಅಲ್ಲಿ ಮರದ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರ್ ಹಾಕುವ ಕೆಲಸ. ಸೈಕಲ್ ಮಾರಿದ್ದರು. ಇಲ್ಲಿ ಬರೀ ಲಾರಿ, ಸೈಕಲ್ಲಿಗೆ ದಾರಿಯಿಲ್ಲ ಎಂದರು. ಊರಿನ ಸುದ್ದಿ ಒಂದನ್ನೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಇಷ್ಟು ವರ್ಷದಲ್ಲಿ ಆ ಗೇಟು ತಳ್ಳಿದವಳು ನೀನೊಬ್ಬಳೇ" ಎಂದರು.

ಈಗ ಆ ಎಸ್ಟೇಟಿನಲ್ಲಿ ಹೋಂಸ್ಟೇ ಇದೆ. ವಾಹನಗಳಿಲ್ಲದ ಜಲ್ಲಿ ದಾರಿಯಲ್ಲಿ ಸೈಕಲ್ ಸವಾರಿ, ನಮ್ಮ ಅತಿಥಿಗಳಿಗೆ ಮಾತ್ರ ಎಂದು ಬೋರ್ಡು ಹಾಕಿದ್ದಾರೆ. ಹೆಲ್ಮೆಟ್ ಹಾಕಿಕೊಂಡ ಹೆಣ್ಣುಮಕ್ಕಳು ನಗುತ್ತಾ ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ನಮ್ಮವರ ಮೇಲೆ. ಅಪ್ಪ ಸತ್ತು ಎಷ್ಟೋ ವರ್ಷವಾಯಿತು, ಅವನ ಮೇಲಿನದೂ ಇಳಿದಿಲ್ಲ. ಇಳಿಯಬೇಕೆಂದು ನಾನು ಪ್ರಯತ್ನಿಸಿಯೂ ಇಲ್ಲ.

ಕೊಡಗು ಮೈಸೂರಿಗೆ ಸೇರುವ ಮೊದಲೇ ರೈಟರ್ ಮಾಮ ತಿತಿಮತಿಯಲ್ಲಿ ಜ್ವರದಿಂದ ತೀರಿಕೊಂಡರು. ಸುದ್ದಿ ಬಂದಾಗ ಟ್ರೈನಿಂಗಿನಿಂದ ರಜೆ ಕೇಳಿ ಹೋದೆ. ನಮ್ಮೂರಿನಿಂದ ಬೇರೆ ಯಾರೂ ಬಂದಿರಲಿಲ್ಲ. ಚಾಪೆಯ ಮೇಲೆ ಮಲಗಿಸಿ ಮೈಪೂರ್ತಿ ಬಿಳಿ ಬಟ್ಟೆ ಹೊದಿಸಿದ್ದರು. ನಾನು ಪಕ್ಕದಲ್ಲಿ ಕೂತು, ಬಟ್ಟೆಯ ಮೇಲಿನಿಂದಲೇ ಎಡ ಮೊಣಕಾಲು ತಡವಿದೆ. ಕಲ್ಲು ಅಲ್ಲೇ ಇತ್ತು. ಆ ದಾರಿಯಲ್ಲಿ ಧಣಿಯ ಕೈಗೆ ಸಿಗದೆ ಉಳಿದದ್ದು ಅದೊಂದೇ. ಅದನ್ನೂ ಅವರ ಜೊತೆಗೇ ಹೂಳಿದರು.