ಆ ಸಂಜೆ ಕಂಪ್ಯೂಟರು ನಿಲ್ಲಲಿಲ್ಲ

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ನಾನು ಎದ್ದು ಹೋಗುತ್ತಿದ್ದವನು. ನನ್ನ ಹೊಟ್ಟೆಪಾಡೇ ಯಂತ್ರಗಳ ರಿಪೇರಿ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ಹುಡುಕಿದವನಿಗೆ ಕೆಲಸ ಬರುವುದಿಲ್ಲ. ಇಷ್ಟೇ ನನ್ನ ವೇದಾಂತ. ಈಗಲೂ ಹೆಚ್ಚುಕಡಿಮೆ ಅದೇ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಹೊಳಲ್ಕೆರೆ ಸೀಮೆಯಲ್ಲಿ ಒಂದು ಸಂಜೆ ನಡೆದದ್ದನ್ನು ಈ ವೇದಾಂತದೊಳಗೆ ತುರುಕಲು ಇಷ್ಟು ವರ್ಷ ಒದ್ದಾಡಿದ್ದೇನೆ, ಆಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಗಬೇಕೆನಿಸಿದರೆ ನಗಿ, ನನ್ನ ಹೆಂಡತಿಯೂ ನಕ್ಕಿದ್ದಾಳೆ.

ರಾಮಗಿರಿಯಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಒಂದು ಖಾಸಗಿ ಅದಿರಿನ ಗಣಿ ಇತ್ತು. ಅದರ ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರನ್ನು ಕೊಂಡು ತಂದು ಗಣಿಯ ಆಫೀಸಿನಲ್ಲಿ ಇಟ್ಟಿದ್ದರು. ಜಿಲ್ಲಾ ಕೇಂದ್ರವಾದ ದುರ್ಗದ ದೊಡ್ಡ ಕಚೇರಿಗಳಲ್ಲೇ ಇಲ್ಲದ್ದು ನಮ್ಮಲ್ಲಿದೆ ಎಂಬ ಹೆಮ್ಮೆ ಅವರಿಗೆ. ಬಟ್ಟೆಯ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಪಕ್ಕದಲ್ಲಿ ಅದಕ್ಕೆ ಜೋಡಿಸಿದ ಒಂದು ಟೈಪ್‌ರೈಟರು, ಅಷ್ಟೇ. ಲಾರಿಗಳ ತೂಕ, ಕೂಲಿಕಾರರ ಹಾಜರಿ ಇತ್ಯಾದಿ ಲೆಕ್ಕ ಹಾಕುತ್ತಿತ್ತು. ಕೆಟ್ಟಾಗ ಬೆಂಗಳೂರಿನಿಂದ ನಾನು ಹೋಗಬೇಕು. ಬಸ್ಸು ಹತ್ತಿ, ಧೂಳು ಕುಡಿದು, ಗಣಿಯ ಲಾರಿಗೆ ಕೈಯೊಡ್ಡಿ ಅಲ್ಲಿಗೆ ಸೇರುವ ಹೊತ್ತಿಗೆ ನನ್ನ ತಾಳ್ಮೆ ಅರ್ಧ ಮುಗಿದಿರುತ್ತಿತ್ತು.

ಆ ದಿನ ಕೆಟ್ಟಿದ್ದು ಟೈಪ್‌ರೈಟರು. ಮಧ್ಯಾಹ್ನದ ಊಟದ ನಂತರ ಸರಿಯಾಯಿತು. ಸಂಜೆಯ ಬಸ್ಸಿಗೆ ಹೊಳಲ್ಕೆರೆಗೆ ಹೋಗಿ ಅಲ್ಲಿಂದ ದುರ್ಗ ಸೇರಿಬಿಡೋಣ ಎಂದುಕೊಂಡು ಚೀಲ ಕಟ್ಟಿದೆ. ಯಂತ್ರವನ್ನು ಆರಿಸಿ ಹೊರಡುವುದೊಂದೇ ಬಾಕಿ.

ಆರಿಸುವುದಕ್ಕೆ ಒಂದು ಕ್ರಮವಿತ್ತು. ಆ ಪೆಟ್ಟಿಗೆಯೊಳಗೆ ದೊಡ್ಡ ತಟ್ಟೆಯಂಥ ಒಂದು ಡಿಸ್ಕು ಗಿರ್ರನೆ ತಿರುಗುತ್ತಿರುತ್ತದೆ. ಅದರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಮುಳ್ಳು ತೇಲುತ್ತಿರುತ್ತದೆ. ಸ್ಟಾಪ್ ಗುಂಡಿ ಒತ್ತಿದರೆ ಮುಳ್ಳು ಹಿಂದೆ ಸರಿಯುತ್ತದೆ, ಡಿಸ್ಕು ನಿಧಾನವಾಗಿ ನಿಲ್ಲುತ್ತದೆ, ಹಸಿರು ದೀಪ ಹತ್ತುತ್ತದೆ. ಆಮೇಲಷ್ಟೇ ಕರೆಂಟು ತೆಗೆಯಬೇಕು. ಹಾಗೆ ಮಾಡದೆ ಒಮ್ಮೆಲೇ ಕರೆಂಟು ತೆಗೆದರೆ ಮುಳ್ಳು ತಟ್ಟೆಯ ಮೇಲೆ ಬಿದ್ದು ಗೀಚಿಹೋಗುತ್ತದೆ. ತಿಂಗಳುಗಟ್ಟಲೆಯ ಲೆಕ್ಕ ಹಾಳು.

ಗುಂಡಿ ಒತ್ತಿದೆ. ಡಿಸ್ಕಿನ ಸದ್ದು ಇಳಿಯಿತು. ಇನ್ನೇನು ನಿಂತಿತು ಅನ್ನುವಾಗ ಮತ್ತೆ ಏರಿತು. ಮತ್ತೆ ಒತ್ತಿದೆ. ಮತ್ತೆ ಇಳಿಯಿತು, ಮತ್ತೆ ಏರಿತು. ಗಾಡಿಗೆ ಕಟ್ಟಿದ ಎತ್ತು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಎಳೆಯುವಂತೆ.

ಹಿಂಬದಿಯ ಬಾಗಿಲು ಬಿಚ್ಚಿದೆ. ಗುಂಡಿಯ ಸಂಪರ್ಕಗಳನ್ನು ಒರೆಸಿದೆ. ಒಳಗೆ ಕರೆಂಟು ಕೊಟ್ಟು ತೆಗೆಯುವ ಪುಟ್ಟ ಸ್ವಿಚ್ಚು, ರಿಲೇ ಅನ್ನುತ್ತೇವೆ, ಅದನ್ನೂ ಬದಲಾಯಿಸಿದೆ. ಟೈಪ್‌ರೈಟರಿನ ತಂತಿ ಕಿತ್ತೆ. ಗುಂಡಿಯೇ ಸರಿಯಿಲ್ಲವೇನೋ ಎಂದು ಅದರ ಎರಡು ತಂತಿಗಳನ್ನು ನೇರ ಜೋಡಿಸಿದೆ. ವೋಲ್ಟೇಜು ನೋಡಿದೆ, ಸರಿಯಾಗಿತ್ತು. ಏನು ಮಾಡಿದರೂ ಅದೇ ಆಟ. ಬಸ್ಸು ಹೋಗಿರಬೇಕು ಎಂದು ಗೊತ್ತಾದಾಗ ಸ್ಕ್ರೂಡ್ರೈವರನ್ನು ನೆಲಕ್ಕೆ ಎಸೆದೆ.

ಬಾಗಿಲಲ್ಲಿ ತಿಪ್ಪೇಸ್ವಾಮಿ ನಿಂತಿದ್ದ. ಗಣಿಯ ಡೀಸೆಲ್ ಜನರೇಟರು ಅವನ ಸುಪರ್ದಿಗೆ. ಆಗ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅವತ್ತು ಬೆಳಗ್ಗೆಯಿಂದ ಎಲ್ಲವೂ ಜನರೇಟರಿನ ಮೇಲೇ ನಡೆದಿತ್ತು. ಕೆಲಸದವರೆಲ್ಲ ಮನೆಗೆ ಹೋಗಿಯಾಗಿತ್ತು, ನಾನು ಹೂಂ ಅಂದರೆ ಅವನೂ ಅದನ್ನು ನಿಲ್ಲಿಸಿ ಹೊರಡುವವನು.

"ಇನ್ನೂ ಆಗ್ಲಿಲ್ವೇನ್ರಿ ಸಾರ್? ಡೀಸೆಲ್ ಸುಮ್ನೆ ಉರೀತೈತೆ. ಹೊಸದುರ್ಗದಾಗೆ ನನ್ ತಂಗೀನ ನೋಡಾಕೆ ಗಂಡಿನ ಕಡೇರು ಬರ್ತಾರೆ, ನಾನು ಹೋಗ್ಬೇಕು."

"ನಾನೇನು ಬೇಕೂಂತ ಕೂತಿದೀನೇನಯ್ಯ?" ಎಂದು ರೇಗಿದೆ.

ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. "ಕುಂತ್ಕಳ್ರಿ, ಒಂದೀಟು ಚಾ ಕುಡೀರಿ. ಮಿಶನ್ನಿಗೂ ಬ್ಯಾಸರ ಆಗಿರ್ಬೇಕು" ಅಂದ. ಆ ಹಾಸ್ಯ ನನ್ನನ್ನು ಇನ್ನಷ್ಟು ಉರಿಸಿತು.

ಮ್ಯಾನೇಜರು ಶಾಮರಾಯರು ಬಂದರು. ಸಾಧು ಮನುಷ್ಯ, ಆದರೆ ಮಾಲೀಕರೆಂದರೆ ನಡುಕ. ಡಿಸ್ಕಿಗೆ ಏನೂ ಆಗಕೂಡದು ಅಂದರು. ಡೀಸೆಲ್ ಕೂಡ ಖರ್ಚಾಗಕೂಡದು ಅಂದರು. ಎರಡರಲ್ಲಿ ಒಂದು ಹೇಳಿ ಎಂದೆ. ಅವರು ಒಮ್ಮೆ ನನ್ನನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡುತ್ತಾ ನಿಂತರು. ಹೀಗೇ ಹೊತ್ತು ಮುಳುಗಿತು. ಕೊನೆಗೆ ನನಗೂ ಸಾಕಾಯಿತು. ಗೀಚಿದರೆ ಗೀಚಲಿ, ಹೊಣೆ ನನ್ನದು, ಜನರೇಟರು ನಿಲ್ಲಿಸಿಬಿಡು ಎಂದು ತಿಪ್ಪೇಸ್ವಾಮಿಗೆ ಹೇಳಿದೆ. ನಾನು ಕಡೆಯ ಸಲ ಗುಂಡಿ ಒತ್ತಿದೆ, ಸದ್ದು ಇಳಿದು ಮತ್ತೆ ಏರಿತು. ಹಾಳಾಗಿ ಹೋಗು ಎಂದು ಬೈದು, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ತಿಪ್ಪೇಸ್ವಾಮಿ ಜನರೇಟರಿನ ಶೆಡ್ಡಿನೊಳಗೆ ಹೋಗಿ ಅದನ್ನು ನಿಲ್ಲಿಸುವ ಹಿಡಿಗೆ ಕೈ ಹಾಕಿದ್ದ. ಆಗ ಅಂಗಳದ ದೀಪದ ಕೆಳಗೆ ಒಬ್ಬ ಹೆಂಗಸು ಕಾಣಿಸಿದಳು. ಓಡಿ ಬಂದಿದ್ದಳು, ಸೆರಗು ಜಾರಿ ಕೆಳಗೆ ಎಳೆಯುತ್ತಿತ್ತು. ಪಕ್ಕದ ಹಟ್ಟಿಯ ಈರಮ್ಮ, ಕುರಿ ಕಾಯುವ ಜುಂಜಪ್ಪನ ಹೆಂಡತಿ ಎಂದು ತಿಪ್ಪೇಸ್ವಾಮಿ ಗುರುತು ಹಿಡಿದ.

"ಅಣ್ಣಾ, ನಮ್ಮನೇರು ಈ ಕಡೀಕೆ ಬಂದ್ರೇನಪ್ಪ?" ಅಂದಳು. "ಕುರಿ ಎಲ್ಲಾ ತಾವೇ ಹಟ್ಟಿಗೆ ಬಂದವೆ. ಅವರು ಬಂದಿಲ್ಲ. ದೂರದಿಂದ ದೀಪ ಕಾಣ್ತು, ಇನ್ನೂ ಯಾರೋ ಅವ್ರೆ ಅಂತ ಓಡಿಬಂದೆ."

ಕುರಿಗಳು ಬಂದು ಕುರುಬ ಬರಲಿಲ್ಲವೆಂದರೆ ಏನೋ ಆಗಿದೆ ಎನ್ನುವುದು ನನ್ನಂಥ ಪಟ್ಟಣದವನಿಗೂ ತಿಳಿಯಿತು. ತಿಪ್ಪೇಸ್ವಾಮಿ ಹಿಡಿಯಿಂದ ಕೈ ತೆಗೆದ. "ದೀಪ ಇರ್ಲಿ. ನಡೀರಿ, ನೋಡಾಣ" ಎಂದು ಟಾರ್ಚು ಎತ್ತಿಕೊಂಡ.

ಬೇಲಿಯ ಸುತ್ತ, ಕಲ್ಲುರಾಶಿಗಳ ಹಿಂದೆ ಕೂಗುತ್ತಾ ಹುಡುಕಿದೆವು. ಕಡೆಗೆ ಗಣಿಯ ಗುಂಡಿಯ ಅಂಚಿಗೆ ಬಂದೆವು. ಆಳವಾದ ಗುಂಡಿ, ತಳದಲ್ಲಿ ಯಾವಾಗಲೂ ನೀರು ಒಸರುತ್ತಿತ್ತು. ಅದನ್ನು ಹೊರಹಾಕಲು ಜನರೇಟರಿನಿಂದಲೇ ಓಡುವ ಒಂದು ಪಂಪಿತ್ತು. ಅದರ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ತಿಪ್ಪೇಸ್ವಾಮಿ ಕೆಳಕ್ಕೆ ಟಾರ್ಚು ಬಿಟ್ಟ. ತಳದಲ್ಲಿ ಎರಡು ಬಂಡೆಗಳ ನಡುವೆ ಒಂದು ಕೈ ಆಡಿತು.

ತಪ್ಪಿಸಿಕೊಂಡ ಮರಿಯೊಂದನ್ನು ಹಿಡಿಯಲು ಇಳಿದಿದ್ದನಂತೆ. ಕಲ್ಲು ಜಾರಿ ಕಾಲು ಮುರಿದು, ಆ ಕಾಲೇ ಬಂಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಸೊಂಟದವರೆಗೆ ನೀರಿನಲ್ಲಿದ್ದ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಟ್ಟಿಯಿಂದ ಗಂಡಸರು ಬಂದರು, ಹಾರೆ ಹಾಕಿ ಬಂಡೆ ಎತ್ತಿದರು, ಕಂಬಳಿಯಲ್ಲಿ ಮಲಗಿಸಿ ಹಗ್ಗ ಕಟ್ಟಿ ಮೇಲಕ್ಕೆ ತಂದೆವು. ಈರಮ್ಮ ಅಳಲಿಲ್ಲ. ಗಂಡನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸುತ್ತಾ, "ಮರಿ ಹೋದ್ರೆ ಹೋಗ್ತಿತ್ತು ಕಣ್ರೀ, ಮರಿ ಹೋದ್ರೆ ಹೋಗ್ತಿತ್ತು" ಎಂದು ಅದೊಂದನ್ನೇ ಹೇಳುತ್ತಿದ್ದಳು. ಅವನನ್ನು ಲಾರಿಯಲ್ಲಿ ದುರ್ಗದ ಆಸ್ಪತ್ರೆಗೆ ಕಳಿಸಿದೆವು.

ಲಾರಿ ಹೋದ ಮೇಲೆ ತಿಪ್ಪೇಸ್ವಾಮಿ ಗುಂಡಿಯ ಕಡೆಗೇ ನೋಡುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಸಾರ್, ದಿನಾ ನಾನು ಜನರೇಟರ್ ನಿಲ್ಸಿದ್ರೆ ಪಂಪೂ ನಿಲ್ತೈತೆ. ಪಂಪು ನಿಂತ್ರೆ ಅವ್ನಿದ್ದ ಜಾಗ ಬೇಗ ಮುಳುಗೋಗ್ತೈತೆ."

ನನ್ನ ಕೈಕಾಲೆಲ್ಲ ಕೆಸರಾಗಿತ್ತು. ಇನ್ನಾದರೂ ಆ ಪೀಡೆಯನ್ನು ಆರಿಸೋಣ ಎಂದು ಹೋಗಿ ಬೀಗ ತೆಗೆದೆ.

ಕೋಣೆ ನಿಶ್ಶಬ್ದವಾಗಿತ್ತು. ಜನರೇಟರು ಹೊರಗೆ ಓಡುತ್ತಲೇ ಇತ್ತು, ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಆದರೆ ಡಿಸ್ಕು ನಿಂತಿತ್ತು. ಮುಳ್ಳು ಹಿಂದಕ್ಕೆ ಸರಿದು ತನ್ನ ಜಾಗದಲ್ಲಿತ್ತು. ಹಸಿರು ದೀಪ ಹತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಬೇರೆ ಕೀಲಿ ಯಾರ ಬಳಿಯಾದರೂ ಇದೆಯೇ ಎಂದು ಶಾಮರಾಯರನ್ನು ಕೇಳಿದೆ. ಇಲ್ಲ ಅಂದರು. ಅವರೂ ಇಡೀ ಹೊತ್ತು ನಮ್ಮ ಜೊತೆಯಲ್ಲೇ ಹಗ್ಗ ಹಿಡಿದಿದ್ದರು.

ಬೆಳಗ್ಗೆ ಹಟ ಹಿಡಿದು ಕೂತೆ. ಹಳೆಯ ರಿಲೇ ಹಾಕಿ ನೋಡಿದೆ, ಹೊಸದು ಹಾಕಿ ನೋಡಿದೆ. ಹೀಟರಿಟ್ಟು ಕಾಯಿಸಿ ನೋಡಿದೆ. ಜನರೇಟರನ್ನು ಏರಿಳಿಸಿ ಓಡಿಸಲು ಹೇಳಿದೆ. ನಿನ್ನೆ ಮಾಡಿದ್ದನ್ನೊಮ್ಮೆ ಮಾಡಿ ತೋರಿಸು ಎಂದು ಗಟ್ಟಿಯಾಗಿ ಬೈದೂ ನೋಡಿದೆ. ಗುಂಡಿ ಒತ್ತಿದಾಗಲೆಲ್ಲ ಸಾಧು ಪ್ರಾಣಿಯಂತೆ ನಿಂತಿತು. ಆಮೇಲೂ ಅನೇಕ ಸಲ ಆ ಗಣಿಗೆ ಹೋದೆ, ಬೇರೆ ಬೇರೆ ಕಾರಣಕ್ಕೆ ಅದು ಕೆಟ್ಟಿತು, ಎಲ್ಲಕ್ಕೂ ಕಾರಣ ಸಿಕ್ಕಿತು. ನಿಲ್ಲದೆ ಹಟ ಮಾಡಿದ್ದು ಮಾತ್ರ ಅದೊಂದೇ ಸಲ. ರಿಲೇ ಅಂಟಿಕೊಂಡಿತ್ತು, ತಣ್ಣಗಾದ ಮೇಲೆ ಬಿಟ್ಟಿತು ಎಂದು ನನ್ನ ಕಂಪನಿಯವರು ಹೇಳಿದರು. ಆಗಿರಬಹುದು. ಆದರೆ ಆ ರಿಲೇಯನ್ನು ನಾನು ಆಗಲೇ ಬದಲಾಯಿಸಿದ್ದೆನಲ್ಲ?

ಕೆಲವು ವರ್ಷಗಳ ನಂತರ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಜುಂಜಪ್ಪ ಸಿಕ್ಕಿದ. ಕುಂಟುತ್ತಾ ತಾನೇ ಬಂದು ಮಾತಾಡಿಸಿದ. ಆ ಸಂಜೆಯ ಕತೆಯನ್ನೆಲ್ಲ ತಿಪ್ಪೇಸ್ವಾಮಿ ಅವನಿಗೆ ಹೇಳಿದ್ದನಂತೆ.

"ನಿಮ್ ಮಿಶನ್ನು ಹೆಂಗೈತೆ ಸಾಮಿ?" ಎಂದು ಕೇಳಿದ, ನೆಂಟರ ಆರೋಗ್ಯ ಕೇಳುವ ಹಾಗೆ.

ಅದನ್ನು ಬಿಚ್ಚಿ ಗುಜರಿಗೆ ಹಾಕಿದರು ಎಂದೆ. ಅವನು ಲೊಚಗುಟ್ಟಿದ. "ಆವತ್ತು ಅದು ಯಾಕೆ ನಿಲ್ಲಲಿಲ್ಲ ಸಾಮಿ? ನೀವು ಅದನ್ನೇ ಓದಿದೋರು" ಅಂದ.

ರಿಲೇ ಎಂದು ಹೇಳಲು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಗೊತ್ತಿಲ್ಲ ಜುಂಜಪ್ಪ" ಎಂದೆ.